ಸ್ಟೆಲ್ಲಾ ಮೇಡಂ ತಡೆದ ಎರಡನೇ ಬದಲಾವಣೆ

ಸ್ಟೆಲ್ಲಾ ಮೇಡಂ ನಾವು ಬರೆದ ಕಂಪ್ಯೂಟರ್ ಕೋಡನ್ನು ಪ್ರಿಂಟ್ ತೆಗೆದು, ಸ್ಟೀಲ್ ಸ್ಕೇಲನ್ನು ಒಂದೊಂದೇ ಸಾಲಿನ ಕೆಳಗೆ ಜಾರಿಸುತ್ತ ಓದುತ್ತಿದ್ದರು. ಸ್ಕೇಲು ಎಲ್ಲಾದರೂ ನಿಂತಿತೆಂದರೆ ಅಲ್ಲಿ ತಪ್ಪು ಸಿಕ್ಕಿದೆ ಎಂದೇ ಅರ್ಥ. ಹಲಸೂರಿನಲ್ಲೇ ಹುಟ್ಟಿ ಬೆಳೆದ ಅವರು ಇಂದಿರಾನಗರದ ನಮ್ಮ ಚಿಕ್ಕ ಕಂಪನಿಯಲ್ಲಿ ಹಿರಿಯರು. ಯಾರು ಬರೆದದ್ದೇ ಆಗಲಿ, ಅವರು ನೋಡಿ ಒಪ್ಪಬೇಕಿತ್ತು. ಕಲಬುರ್ಗಿಯಿಂದ ಬಂದು ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿದ್ದ ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ.

ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವರದಿಗಳನ್ನು ಸಿದ್ಧಪಡಿಸುವ ತಂತ್ರಾಂಶ ನಮ್ಮದು. ಅದರಲ್ಲಿ ನಾನು ಮಾಡಿದ ಬದಲಾವಣೆಗಳು ನಾಲ್ಕು, ಒಂದರ ಮೇಲೊಂದು ನಿಂತವು. ಕೆಳಗಿನದನ್ನು ತಿದ್ದಿದರೆ ಮೇಲಿನವನ್ನೆಲ್ಲ ಮತ್ತೆ ಜೋಡಿಸಬೇಕು. ಮೇಡಂ ಮೊದಲನೆಯದನ್ನೇ ಮೂರು ಸಲ ವಾಪಸು ಕಳಿಸಿದರು. ರೋಸಿಹೋಗಿ ನಾಲ್ಕನ್ನೂ ಒಂದೇ ಮಾಡಿ ಕೊಟ್ಟೆ.

"ಏನಮ್ಮಾ ಇದು, ಮೂಟೆ ಕಟ್ಕೊಂಡ್ ಬಂದಿದೀಯ? ಯಾವ್ದು ಯಾಕೆ ಅಂತ ಹೆಂಗ್ ನೋಡ್ಲಿ? ಬಿಡಿಬಿಡಿಯಾಗಿ ತಗೊಂಡ್ ಬಾ."

"ಮೇಡಂ, ನೀವು ಬೇಕಂತಾನೆ ಮಾಡಕತ್ತೀರಿ."

"ಹೌದು, ಬೇಕಂತ್ಲೇ ಓದ್ತಿದೀನಿ. ಓದ್ದೆ ಓಕೆ ಅನ್ನೋಕೆ ಬೇರೆಯವ್ರಿದಾರೆ."

ಹಾಗೆ ಓಕೆ ಅನ್ನುವವನು ಸುರೇಶ, ನನ್ನ ಗೆಳೆಯ; ಮೇಡಂ ಇಲ್ಲದಾಗ ಒಪ್ಪುವ ಅಧಿಕಾರ ಅವನಿಗಿತ್ತು. ನಾಲ್ಕನ್ನೂ ಮತ್ತೆ ಬಿಡಿಸಿ ಕೊಟ್ಟ ಮೇಲೆ, ಮುಂದಿನ ವಾರ ಮೇಡಂ ಮೊದಲನೆಯದನ್ನು ಒಪ್ಪಿದರು, ತಿದ್ದಿ ತರಲು ಹೇಳಿ ಎರಡನೆಯದನ್ನು ತಡೆದರು. ಒಂದೇ ಹೆಸರಿನ ರೋಗಿಗಳನ್ನು ನೋಂದಣಿ ಸಂಖ್ಯೆಯಿಂದ ಗುರುತಿಸುವುದು ಅದರ ಕೆಲಸ. ಅಷ್ಟರಲ್ಲಿ ಅವರು ಎರಡು ದಿನ ರಜೆ ಹೋದರು. ನಾನು ಎರಡನೆಯದನ್ನು ಕಿತ್ತು ಪಕ್ಕಕ್ಕಿಟ್ಟು, ಮೂರು ನಾಲ್ಕನ್ನು ನೇರವಾಗಿ ಮೊದಲನೆಯದರ ಮೇಲೆ ಕೂರಿಸಿದೆ. ಸುರೇಶ ಓದದೆಯೇ ಒಪ್ಪಿದ. ಅದು ಆಸ್ಪತ್ರೆಗೂ ಹೋಯಿತು.

ಮೂರನೆಯ ದಿನ, ನೋಂದಣಿ ಸಂಖ್ಯೆ ನೋಡುವ ಭಾಗ ಇಲ್ಲದ್ದರಿಂದ, ಇಬ್ಬರು ಲಕ್ಷ್ಮಮ್ಮಂದಿರ ವರದಿಗಳು ಅದಲುಬದಲಾದವು. ರಕ್ತ ಏರಿಸಲು ಹೊರಟಿದ್ದ ನರ್ಸ್ ಅನುಮಾನಪಟ್ಟು ರಕ್ತದ ಗುಂಪನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಅದರಿಂದ ಒಂದು ಜೀವ ಉಳಿಯಿತು.

ಮೀಟಿಂಗಿನಲ್ಲಿ ಮ್ಯಾನೇಜರು ಯಾರ ತಪ್ಪೆಂದು ಕೇಳಿದಾಗ ನನ್ನದೆಂದು ನಾನು ಒಪ್ಪಿಕೊಳ್ಳಲಿಲ್ಲ. ಮೇಡಂ ನನ್ನತ್ತ ಬೆರಳು ತೋರಿಸಿ "ಇವಳದು" ಎಂದರು. ಎಲ್ಲರೆದುರು. ನನ್ನನ್ನು ಆಸ್ಪತ್ರೆಯ ಕೆಲಸದಿಂದ ತೆಗೆದು ಬೇರೆಯದಕ್ಕೆ ಹಾಕಿದರು. ಆಮೇಲೆ ತಿಂಗಳುಗಟ್ಟಲೆ, ಅವರು ಮೆಟ್ಟಿಲಿಳಿಯುವುದು ಕಂಡರೆ ನಾನು ತಿರುಗಿ ಹೋಗುತ್ತಿದ್ದೆ.

ಅವರು ಕೆಲಸ ಬಿಟ್ಟ ದಿನ ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಸಂಜೆ ಬಸ್ ಸ್ಟಾಪಿನಲ್ಲಿ ಎದುರೇ ಸಿಕ್ಕರು. ತಡೆಯಲಾರದೆ ಕೇಳಿಯೇಬಿಟ್ಟೆ: "ಸುರೇಶನ ಹೆಸರು ಯಾಕ್ ಹೇಳ್ಲಿಲ್ಲ ಮೇಡಂ? ನನ್ ಮ್ಯಾಲಿನ ಸಿಟ್ಟಿಗೇನು?"

"ನೀನು ನಂಗೆ ಇಷ್ಟ ಇರ್ಲಿಲ್ಲ, ನಿಜ," ಎಂದರು. "ಅವನು ಓದಿರ್ಲಿಲ್ಲ, ಅದಕ್ಕೆ ಅವನಿಗೂ ಬೈದಿದೀನಿ. ಆದ್ರೆ ಎರಡನೇದು ಯಾಕ್ ಬೇಕು ಅಂತ ನಿಂಗೆ ಗೊತ್ತಿತ್ತಲ್ಲಮ್ಮಾ."

ಶಿವಾಜಿನಗರದ ಬಸ್ಸು ಬಂತು. ಕ್ಷಮಿಸಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಅವರೂ ಅದಕ್ಕಾಗಿ ಕಾಯದೆ ಹತ್ತಿ ಹೋದರು.