ನಿಂತವರ ಚೀಲ

ಆ ಹೆಂಗಸು "ಕಳ್ಳಿ!" ಎಂದು ಕಿರುಚಿದ ರಭಸಕ್ಕೆ ಡ್ರೈವರ್ ಬಸ್ಸನ್ನೇ ನಿಲ್ಲಿಸಿಬಿಟ್ಟ. ಕಳ್ಳಿ ಬೇರೆ ಯಾರೂ ಅಲ್ಲ, ನಾನೇ. ಉತ್ತರ ಇಂಗ್ಲೆಂಡಿನ ಈ ಊರಿಗೆ ಬಂದು ವಾರವೂ ಆಗಿರಲಿಲ್ಲ. ಬಂದದ್ದಾದರೂ ಯಾಕೆ? ಸಮಾಜ ನೀತಿ ಮತ್ತು ಅಪರಾಧ ಶಾಸ್ತ್ರ ಓದಲು!

ನಾನು ಮಾಡಿದ್ದಿಷ್ಟೆ. ಸೀಟು ಸಿಕ್ಕಿತ್ತು, ಕೂತಿದ್ದೆ. ಆಕೆ ಭಾರದ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅದನ್ನು ತೆಗೆದು ನನ್ನ ಮಡಿಲಲ್ಲಿಟ್ಟುಕೊಂಡೆ. ನನ್ನೂರು ಗುರುವಾಯನಕೆರೆಯಿಂದ ಮೂಡುಬಿದಿರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ವರ್ಷಗಟ್ಟಲೆ ಮಾಡಿದ್ದು ಅದನ್ನೇ. ನಿಂತವರ ಚೀಲ ಕೂತವರ ಮಡಿಲಿಗೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಒಮ್ಮೊಮ್ಮೆ ಚೀಲಗಳ ಮೇಲೆ ಯಾರದೋ ಮಗುವೂ ಬಂದು ಕೂರುತ್ತಿತ್ತು.

"ಪೊಲೀಸರನ್ನು ಕರೆಯಿರಿ" ಎಂದು ಆಕೆ ಕೂಗುತ್ತಲೇ ಇದ್ದಳು. ಕೇಸಾದರೆ ವೀಸಾ ಹೋದಂತೆ, ಓದೂ ಮುಗಿದಂತೆ. ಕದಿಯುವ ಉದ್ದೇಶವಿಲ್ಲದಿದ್ದರೆ ಅದು ಕಳ್ಳತನವಲ್ಲ ಎಂದು ಬೆಳಿಗ್ಗೆಯಷ್ಟೇ ಪಾಠ ಕೇಳಿದ್ದೆ. ಆದರೆ ಉದ್ದೇಶವನ್ನು ತೆಗೆದು ತೋರಿಸುವುದು ಹೇಗೆ? ಇಂಗ್ಲಿಷೆಲ್ಲ ಮರೆತುಹೋಗಿ, "ಭಾರ ಉಂಟಲ್ಲ, ಹಾಗೆ ಹಿಡ್ಕೊಂಡದ್ದು" ಎಂದು ಕನ್ನಡದಲ್ಲೇ ತೊದಲಿದೆ.

ಆಕೆ ಚೀಲ ತಡಕಿ ನೋಡಿದಳು. ಏನೂ ಹೋಗಿರಲಿಲ್ಲ. "ಕೈ ನಿನ್ನ ಹತ್ತಿರವೇ ಇರಲಿ, ಲವ್" ಎಂದ ಡ್ರೈವರ್, ಪೊಲೀಸರನ್ನು ಕರೆಯದೆ ಬಸ್ಸು ಹೊರಡಿಸಿದ. ಲವ್ ಎಂದರೆ ಇಲ್ಲಿ ಪ್ರೇಮವಲ್ಲ, ನಮ್ಮ 'ಮಾರಾಯ್ತಿ' ಇದ್ದ ಹಾಗೆ.

ನಾನಿರುವುದು ಒಂದು ಮನೆಯ ಮಹಡಿಯ ಕೋಣೆಯಲ್ಲಿ. ಅಡುಗೆಮನೆ ಹಂಚಿಕೊಂಡವರ ಹೆಸರೂ ಆಗ ಗೊತ್ತಿರಲಿಲ್ಲ. ಕರೆಗಂಟೆ ಕೇಳಿದಾಗಲೆಲ್ಲ ಪೊಲೀಸರೇ ಬಂದರೆಂದು ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದೆ. ಕೊನೆಗೆ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

"ಚೀಲ ಹಿಡಿದದ್ದಕ್ಕೆ ಪೊಲೀಸಾ? ಎಂಥ ಊರು ಮಾರಾಯ್ತಿ ಅದು! ಅಪ್ಪನಿಗೆ ಹೇಳ್ಬೇಡ, ಈಗಲೇ ವಾಪಸ್ ಬಾ ಅಂತ ಹೇಳ್ತಾರೆ."

ಅಂದಿನಿಂದ ಬಸ್ಸಿನಲ್ಲಿ ನನ್ನ ಕೈ ಜೇಬಿನಲ್ಲೇ. ಇಲ್ಲಿಯವರಂತೆ ಯಾರ ಮುಖವನ್ನೂ ನೋಡದೆ ಕೂರುವುದನ್ನು ಕಲಿತೆ. ಯಾರೂ ನನ್ನನ್ನು ಗಮನಿಸದ ದಿನ ಗೆದ್ದೆ ಅನ್ನಿಸುತ್ತಿತ್ತು.

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದೆ. ಮಂಗಳೂರಿನಲ್ಲಿ ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಫರಂಗಿಪೇಟೆಯ ಹತ್ತಿರ ಯಾರೋ ನನ್ನ ಚೀಲಕ್ಕೆ ಕೈ ಹಾಕಿದರು. "ಬಿಡಿ!" ಎಂದು ಕಿರುಚಿ ಕಸಿದುಕೊಂಡೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಸೀಟಿನಲ್ಲಿ ಕೂತಿದ್ದ ಹೆಂಗಸಿನ ಕೈ ಇನ್ನೂ ಚಾಚಿಕೊಂಡೇ ಇತ್ತು.

"ಹಿಡ್ಕೊಳ್ಳುವ ಅಂತ ಮಾಡಿದ್ದು, ಹೆದರ್ಬೇಡಿ" ಎಂದರು ಅವರು. ಬಳಿಕ ನನ್ನನ್ನು ನೋಡಿ ಕೇಳಿದರು, "ನಿಮ್ಮ ಊರು ಎಲ್ಲಾಯ್ತು?"

ಗುರುವಾಯನಕೆರೆ ಎನ್ನಲು ಬಾಯಿ ತೆರೆದೆ. ಚೀಲವನ್ನು ಹೀಗೆ ಎದೆಗವಚಿಕೊಂಡು ನಿಂತವಳು ಹೇಳಿದರೆ, ಈ ಕಡೆಯವಳೆಂದು ಯಾರು ನಂಬಿಯಾರು?