ವೀಣೆಯಿಲ್ಲದ ಬಾಣಂತನ

ಮೊದಲ ಹೆರಿಗೆಗೆಂದು ತುಮಕೂರಿನ ಮರಳೂರಿನಿಂದ ಗುಬ್ಬಿಯ ತವರಿಗೆ ಹೊರಟಾಗ, ಬಾಡಿಗೆ ಕಾರಿನಲ್ಲಿ ವೀಣೆಯನ್ನೂ ಇಡಿ ಎಂದೆ. "ಹೆರೋಕ್ ಹೋಗ್ತಿದೀಯೋ, ಕಛೇರಿ ಕೊಡೋಕ್ ಹೋಗ್ತಿದೀಯೋ?" ಎಂದರು ನಮ್ಮನೆಯವರು. ಎಲ್ಲರೂ ನಕ್ಕರು. ಪೆಚ್ಚಾಗಿ ನಾನೂ ನಕ್ಕೆ. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತೊಂಬತ್ತರ ದಶಕ ಬಂದಿದ್ದರೂ ಅಮ್ಮನ ಬಾಣಂತಿ ಕೋಣೆ ಅವಳ ಅಜ್ಜಿಯ ಕಾಲದ್ದೇ. ಕಿಟಕಿಗೆ ಕಂಬಳಿ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಓದಿದರೆ ಕಣ್ಣು ಹೋಗುತ್ತದೆ, ರೇಡಿಯೋ ಕೇಳಿದರೆ ಕಿವಿಗೆ ಗಾಳಿ ಹೊಗುತ್ತದೆ, ಹಾಡಿದರೆ ಹೊಟ್ಟೆಗೆ ಗಾಳಿ ತುಂಬುತ್ತದೆ. ಗುಬ್ಬಿಯ ಗಾಳಿಗೆ ನನ್ನನ್ನು ಬಿಟ್ಟರೆ ಬೇರೆ ಗಿರಾಕಿಯೇ ಇರಲಿಲ್ಲ. ದಿನವೂ ಹರಳೆಣ್ಣೆ, ಹಂಡೆಗಟ್ಟಲೆ ಬಿಸಿನೀರು. ವರ್ಷಗಟ್ಟಲೆ ತಂತಿ ಒತ್ತಿ ಜಡ್ಡುಗಟ್ಟಿದ್ದ ಎಡಗೈ ಬೆರಳ ತುದಿಗಳು ಮೆತ್ತಗಾಗಿ ಸುಲಿದವು. ಬಿಕ್ಕಿ ಬಿಕ್ಕಿ ಅತ್ತೆ. ಕಲಿತದ್ದೆಲ್ಲ ಹೀಗೇ ಹೋಗಿಬಿಡುತ್ತದೆಂದು ಗಾಬರಿಯಾಯಿತು. ಪಕ್ಕದಲ್ಲಿ ಮುದ್ದಾದ ಮಗು ಮಲಗಿತ್ತು. ಆದರೂ ಉಸಿರು ಕಟ್ಟುತ್ತಿತ್ತು.

ಅದಕ್ಕೇ ಕದ್ದು ಅಭ್ಯಾಸ ಶುರುಮಾಡಿದೆ. ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿದ್ದಾಗ ಮಂಚದ ಪಟ್ಟಿಯ ಮೇಲೆ ಎಡಗೈ ಬೆರಳು ಓಡಿಸುತ್ತ, ಬಲಗೈಯಲ್ಲಿ ಬರೀ ಗಾಳಿಯನ್ನು ಮೀಟುತ್ತ, ಕಣ್ಣು ಮುಚ್ಚಿ ವರ್ಣ ನುಡಿಸುತ್ತಿದ್ದೆ. ಎಲ್ಲಾದರೂ ತಪ್ಪಿದರೆ ಪಿಸುದನಿಯಲ್ಲಿ ನನ್ನನ್ನೇ ಬೈದುಕೊಂಡು ಮತ್ತೆ ಮೊದಲಿನಿಂದ. ಇಡೀ ದಿನದಲ್ಲಿ ಉಸಿರು ಸರಾಗವಾಗುತ್ತಿದ್ದದ್ದು ಆಗ ಮಾತ್ರ.

ಒಂದು ದಿನ ಕಣ್ಣು ಬಿಟ್ಟರೆ ಬಾಗಿಲಲ್ಲಿ ಅಮ್ಮ. ಕೈಯಲ್ಲಿ ಮೆಣಸಿನ ಸಾರಿನ ಲೋಟ.

"ಯಾರ್ ಜೊತೆ ಮಾತಾಡ್ತಿದ್ದೆ? ಕೈ ಯಾಕೆ ಹಂಗಾಡ್ತಾವೆ?"

"ವೀಣೆ ನುಡಿಸ್ತಿದ್ದೆ ಕಣಮ್ಮ."

"ಎಲ್ಲೈತೆ ವೀಣೆ?"

ಮಂಚದ ಪಟ್ಟಿ ತೋರಿಸಿದೆ. ಇದು ಬಾಣಂತಿ ಸನ್ನಿಯೇ, ಹೆತ್ತವಳಿಗೆ ಬುದ್ಧಿ ಕೆಟ್ಟಿದೆ ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. ನಾನು ಮಗುವಿಗೇ ಏನಾದರೂ ಮಾಡಿಬಿಟ್ಟೇನೆಂದು ಹೆದರಿ ಅದನ್ನು ಎತ್ತಿಕೊಂಡು ಹೋದಳು. ಯಡಿಯೂರಿನ ಸಿದ್ಧಲಿಂಗನ ಗುಡಿಯಿಂದ ವಿಭೂತಿ ತರಿಸಿ ನನ್ನ ಹಣೆಗೆ ಬಳಿದಳು. ಹಾಲು ಕುಡಿಸುವುದಕ್ಕೆ ಮಾತ್ರ ಮಗು ನನ್ನ ಹತ್ತಿರ ಬರುತ್ತಿತ್ತು. ಆಗಲೂ ಅಮ್ಮ ಎದುರಿಗೇ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಬಿಡಿಸಿ ಹೇಳಿದಷ್ಟೂ ಅವಳ ಭಯ ಹೆಚ್ಚಾಯಿತು.

ಭಾನುವಾರ ನಮ್ಮನೆಯವರು ಬಂದಾಗ ಕಾಲು ಹಿಡಿಯುವುದೊಂದು ಬಾಕಿ. "ರೀ, ನೀವಾದ್ರೂ ಹೇಳ್ರೀ. ಮನೇಲೂ ಟೇಬಲ್ ಮೇಲೆ ಹಿಂಗೇ ನುಡಿಸ್ತಿರ್ಲಿಲ್ವಾ ನಾನು?"

ಅವರು ಅಮ್ಮನ ಮುಖ ನೋಡಿದರು. "ಸ್ವಲ್ಪ ದಿನ ಸುಮ್ನಿರು. ಅದೊಂದನ್ನ ಬಿಟ್ಬಿಡು" ಎಂದರು.

ಗೋಡೆಯಾಚೆ ಮಗು ಅಳುತ್ತಿತ್ತು. ಹಾಲು ಸೋರಿ ನನ್ನ ರವಿಕೆ ಒದ್ದೆಯಾಗಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ. ಮರುದಿನವೂ ಹಾಗೇ ಕೂತೆ. ತಲೆಯೊಳಗೆ ವರ್ಣ ಎದ್ದರೆ ಹಲ್ಲು ಕಚ್ಚಿ ಅದುಮಿದೆ.

ಕೊನೆಗೊಂದು ದಿನ "ಈಗ ವಾಸಿ ಆದೆ ಕಣೇ, ನಮ್ಮಪ್ಪ ಸಿದ್ಧಲಿಂಗ ಕಣ್ಬಿಟ್ಟ" ಎನ್ನುತ್ತ ಅಮ್ಮ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಅದನ್ನು ಅಪ್ಪಿಕೊಂಡು ಬೆನ್ನು ತಟ್ಟತೊಡಗಿದೆ. ಅಮ್ಮ ಇನ್ನೂ ಅಲ್ಲೇ ನಿಂತಿದ್ದಳು. ತಟ್ಟುವ ಕೈ ಎಲ್ಲಿ ಆದಿತಾಳಕ್ಕೆ ಹೊರಳಿಬಿಡುತ್ತದೋ ಎಂದು ಹೆದರಿ, ಬೇಕೆಂದೇ ಲಯ ತಪ್ಪಿಸಿ ತಪ್ಪಿಸಿ ತಟ್ಟಿದೆ.