ತೆರಕಣಾಂಬಿಯ ಕೆಂಪು ಸಾಲು

ಕೊರೊನಾ ಮುಗಿದ ಮರುವರ್ಷ. ಚಾಮರಾಜನಗರ ಸುತ್ತಿನ ಹಳ್ಳಿಗಳಿಗೆ ಕುಡಿಯುವ ನೀರು ಪೂರೈಸುವ ಯೋಜನೆಯೊಂದನ್ನು ಗುತ್ತಿಗೆಗೆ ಪಡೆದಿದ್ದ ಖಾಸಗಿ ಸಂಸ್ಥೆಗೆ ಸಿಸ್ಟಂ ಎಂಜಿನಿಯರ್ ಆಗಿ ಆಗಷ್ಟೇ ಸೇರಿದ್ದೆ. ಕಚೇರಿ ಚಾಮರಾಜನಗರದಲ್ಲಿ, ನಿಯಂತ್ರಣ ಕೊಠಡಿ ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯಿಂದ ತುಸು ಒಳಗೆ, ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ.

ಆ ಕೊಠಡಿಯ ಕಂಪ್ಯೂಟರಿನಲ್ಲಿ ಚಿತ್ರಗಳಿರಲಿಲ್ಲ. ಬರೀ ಅಕ್ಷರಗಳು ಓಡುವ ಕಪ್ಪು ಪರದೆ, ನಮ್ಮ ಭಾಷೆಯಲ್ಲಿ ಟರ್ಮಿನಲ್. ಬೇಗೂರು, ತೆರಕಣಾಂಬಿ, ಚಂದಕವಾಡಿ ಮುಂತಾದ ಕಡೆಯ ಪಂಪ್‌ಹೌಸುಗಳು ತಮ್ಮ ಸ್ಥಿತಿಯನ್ನು ಅದರ ಮೇಲೆ ಸಾಲುಸಾಲಾಗಿ ಬರೆಯುತ್ತಿದ್ದವು. ಎಲ್ಲವೂ ಬಿಳಿ. ಪಂಪು ಓಡುತ್ತಿದೆ ಎಂಬುದಕ್ಕೂ ಸುಟ್ಟುಹೋಗಿದೆ ಎಂಬುದಕ್ಕೂ ಒಂದೇ ಬಿಳಿ. ಬಣ್ಣ ಹಾಕಿಕೊಡಿ ಎಂದು ಆಪರೇಟರುಗಳು ಬಹಳ ಕಾಲದಿಂದ ಕೇಳುತ್ತಿದ್ದರಂತೆ. ಆ ಕೆಲಸ ನನ್ನ ಪಾಲಿಗೆ ಬಂತು.

ಸಾಲಿನ ಶುರುವಿನಲ್ಲಿ ಎಸ್ಕೇಪ್ ಕೋಡ್ ಎಂಬ ಸಣ್ಣ ಸಂಕೇತ ಸೇರಿಸಬೇಕು, ಅಷ್ಟೆ. ಟರ್ಮಿನಲ್ ಅದನ್ನು ತೋರಿಸುವುದಿಲ್ಲ, ಆಜ್ಞೆಯೆಂದು ಓದಿಕೊಳ್ಳುತ್ತದೆ. 31 ಎಂದರೆ ಕೆಂಪು, 32 ಹಸಿರು, 33 ಹಳದಿ. ಸಾಲು ಮುಗಿದ ಮೇಲೆ 0 ಕೊಡಬೇಕು. ಮರೆತರೆ ಮುಂದಿನದೆಲ್ಲ ಅದೇ ಬಣ್ಣಕ್ಕೆ ತಿರುಗುತ್ತದೆ. ಸರಿಯಾಗಿದ್ದರೆ ಹಸಿರು, ಗಮನಿಸಬೇಕಾದ್ದಕ್ಕೆ ಹಳದಿ, ಅಪಾಯಕ್ಕೆ ಕೆಂಪು ಎಂದು ನಿಯಮ ಬರೆದೆ.

ಅದನ್ನು ಪರೀಕ್ಷಿಸಲು ಹಳೆಯ ಲಾಗ್ ಬೇಕಿತ್ತು. ಲಾಗ್ ಎಂದರೆ ಯಂತ್ರ ತಾನೇ ಬರೆದಿಟ್ಟುಕೊಂಡ ದಿನದ ವರದಿ. ಕಚೇರಿಯವರು ಯಾವುದೋ ಒಂದು ದಿನದ್ದನ್ನು ಕಳುಹಿಸಿ, "ಇದ್ರಲ್ಲಿ ಎಲ್ಲಾ ಥರದ ಎರರ್ ಇದೆ, ಟೆಸ್ಟಿಂಗಿಗೆ ಒಳ್ಳೇದು" ಎಂದರು. ಅಂದು ಏನಾಗಿತ್ತು ಎಂದು ಅವರು ಹೇಳಲಿಲ್ಲ.

ಗುಂಡ್ಲುಪೇಟೆಯ ಹಗಲು ಪಾಳಿಯ ಆಪರೇಟರ್ ಬಸವರಾಜು, ಬೇಗೂರಿನವರು. ಐವತ್ತರ ಆಸುಪಾಸು, ಮೆದು ಮಾತು. ಪರದೆಯ ಪ್ರತಿಯೊಂದು ಸಾಲನ್ನೂ ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಉತ್ತರ ಬರುತ್ತಿತ್ತು, ಮುಖ ಮಾತ್ರ ಈ ಕಡೆ ತಿರುಗುತ್ತಿರಲಿಲ್ಲ. ಅದು ಅವರ ಸ್ವಭಾವವೆಂದು ತಿಳಿದಿದ್ದೆ.

ಪರೀಕ್ಷೆಯ ದಿನ ಜೊತೆಯ ಆಪರೇಟರ್‌ಗೆ ಕುರ್ಚಿ ಬಿಟ್ಟುಕೊಟ್ಟು ಅವರು ಊಟಕ್ಕೆ ಹೋಗಿದ್ದರು. ನಾನು ಪಕ್ಕದ ಕಂಪ್ಯೂಟರಿನಲ್ಲಿ ಹಳೆಯ ಲಾಗನ್ನು, ಅಂದು ಸಾಲುಗಳು ಬಂದ ವೇಗದಲ್ಲೇ, ಪರದೆಯ ಮೇಲೆ ಓಡಿಸುತ್ತಿದ್ದೆ. ಬಣ್ಣವನ್ನಷ್ಟೇ ನೋಡಬೇಕೆಂದು ದಿನಾಂಕ, ಸಮಯ ತೆಗೆದುಹಾಕಿದ್ದೆ. ಕರೆಂಟ್ ಹೋಗಿ ಬಂದ ಗಳಿಗೆಯೊಂದು ಅದರಲ್ಲಿತ್ತು. ಎಲ್ಲ ಪಂಪ್‌ಹೌಸುಗಳೂ ಒಮ್ಮೆಲೇ ಮಾತಾಡತೊಡಗಿ ಸಾಲುಗಳು ಧುಮುಕಿದವು. ಆ ಹಸಿರು, ಹಳದಿಗಳ ನಡುವೆ ಒಂದು ಕೆಂಪು ಸಾಲು. ತೆರಕಣಾಂಬಿ ಸಂಪ್: ಮುಚ್ಚಳ ತೆರೆದಿದೆ, ಒಳಹರಿವಿನ ವಾಲ್ವ್ ತೆರೆದಿದೆ, ನೀರು ಏರುತ್ತಿದೆ.

ನಿಯಮ ಕೆಲಸ ಮಾಡಿತೆಂದು ನನಗೆ ಖುಷಿಯಾಯಿತು. ಅಷ್ಟರಲ್ಲಿ ಹಿಂದೆ ಟಿಫನ್ ಡಬ್ಬಿ ನೆಲಕ್ಕೆ ಬಿದ್ದ ಸದ್ದು. ಬಸವರಾಜು ಬಾಗಿಲಲ್ಲಿ ನಿಂತಿದ್ದರು, ಕಣ್ಣು ನನ್ನ ಪರದೆಯ ಮೇಲೆ. ನಾನು ಬಾಯಿ ತೆರೆಯುವ ಮೊದಲೇ ಮೊಬೈಲ್ ಕಿವಿಗೆ ಹೋಗಿತ್ತು.

"ಮಾದೇಸಾ! ಈಚ್ಗ ಬಾ ಕಣ್ಲಾ! ನೀರ್ ಬತ್ತಾ ಅದ, ಈಚ್ಗ ಬಂದ್ಬುಡ್ಲಾ!"

ಆ ಕಡೆಯಿಂದ ಬಂದದ್ದು ಒಬ್ಬ ಹೆಂಗಸಿನ ದನಿ. ಅದು ನನಗೂ ಕೇಳಿಸಿತು.

"ಬಸಣ್ಣ... ಅವ್ರು ಇಲ್ವಲ್ಲ ಕಣಣ್ಣ."

ಬಸವರಾಜು ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕುಳಿತರು. ಆ ಹೆಂಗಸು ಮತ್ತೆ ಮತ್ತೆ ಕೇಳುತ್ತಿದ್ದರು, "ಎಲ್ಲಿದ್ದೀಯ ಬಸಣ್ಣ? ಪಕ್ಕದಲ್ಲಿ ಯಾರಾರ ಅವ್ರಾ?" ಕೊನೆಗೆ ನಾನು ಫೋನ್ ಇಸಿದುಕೊಂಡು, ಪಕ್ಕದಲ್ಲಿ ನಾನಿದ್ದೇನೆ ಎಂದೆ.

ಮಾದೇಶ ತೆರಕಣಾಂಬಿಯಲ್ಲಿ ನೀರು ಬಿಡುವ ವಾಲ್ವ್‌ಮ್ಯಾನ್, ಬಸವರಾಜು ಅವರ ಗೆಳೆಯ. ನಾನು ಕೆಲಸಕ್ಕೆ ಸೇರುವ ಮೊದಲಿನ ಮಾತು. ಕರೆಂಟ್ ಇಲ್ಲದ ಹೊತ್ತು ನೋಡಿ ಆತ ನೆಲದೊಳಗಿನ ನೀರಿನ ಸಂಪ್ ತೊಳೆಯಲು ಇಳಿದಿದ್ದ. ಕರೆಂಟ್ ಬಂದ ಕೂಡಲೇ ವಾಲ್ವ್ ತಾನಾಗಿ ತೆರೆದುಕೊಂಡಿತು. ಅವನು ಮೇಲೆ ಬರಲಿಲ್ಲ. ಆ ನಂಬರನ್ನು ಈಗ ಹೆಂಡತಿ ರತ್ನಮ್ಮ ಇಟ್ಟುಕೊಂಡಿದ್ದರು. ನಾನು ಓಡಿಸಿದ್ದು ಅದೇ ದಿನದ ಲಾಗ್.

"ಆವತ್ತೂ ಈ ಸಾಲು ಬಂದಿತ್ತು ಮೇಡಂ," ಎಂದರು ಬಸವರಾಜು. "ನನ್ ಕಣ್ಮುಂದ್ಲೇ ಓಯ್ತು. ಎಲ್ಲಾ ಬಿಳಿ. ಸಂತೇಲಿ ಜನ ಓದಂಗ ಓಯ್ತು. ವಿಚಾರಣೇಲಿ ನಿನ್ ತಪ್ಪಿಲ್ಲ ಅಂತ ಬುಟ್ಬುಟ್ರು. ನನ್ಗ ಬುಡಾಕ್ ಆಗ್ನಿಲ್ಲ. ಈಗ್ಲೂ ಕಣ್ಮುಚ್ಚುದ್ರ ಸಾಲು ಓಯ್ತಾ ಇರ್ತವ."

ಆಮೇಲೆ ನನ್ನ ಪರದೆಯ ಕಡೆ ಕೈ ತೋರಿಸಿ ಕೇಳಿದರು.

"ಈ ಬಣ್ಣ ಹಾಕಾಕ ಎಷ್ಟೊತ್ತು ಬೇಕು ಮೇಡಂ?"

ಬಹಳ ಕಷ್ಟದ ಕೆಲಸ, ಆಗ ಸಾಧ್ಯವೇ ಇರಲಿಲ್ಲ ಎಂದುಬಿಡಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಪರದೆ ಬಿಟ್ಟು ಅವರು ನನ್ನನ್ನು ನೋಡಿದ್ದು ಅದೇ ಮೊದಲು.

"ಒಂದು ಮಧ್ಯಾಹ್ನ," ಎಂದೆ.

ಅವರು ತಲೆಯಾಡಿಸಿದರು. ಉಂಡುಳಿದು ಚೆಲ್ಲಿದ್ದ ಅನ್ನವನ್ನು ಕೈಯಿಂದಲೇ ಬಳಿದು ಡಬ್ಬಿಗೆ ತುಂಬಿ, ಜೊತೆಯವರನ್ನು ತಮ್ಮ ಕುರ್ಚಿಯಿಂದ ಎಬ್ಬಿಸಿ, ತಾವು ಕುಳಿತು ಮತ್ತೆ ಸಾಲು ಓದತೊಡಗಿದರು.

ಅದೇ ವಾರ ಬಣ್ಣದ ಪರದೆ ಚಾಲೂ ಆಯಿತು. ನನಗೆ ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗಲಿಲ್ಲ. ಕೆಂಪು ಸಾಲು ಬಂದರೆ ಗಂಟೆ ಬಾರಿಸಬೇಕು, ಆಪರೇಟರ್ ನೋಡಿದೆನೆಂದು ಒಪ್ಪುವವರೆಗೆ ಅದು ಮೇಲಕ್ಕೆ ಸರಿದುಹೋಗಬಾರದು ಎಂದು ಬದಲಿಸಿದೆ. ಸಂಪಿನ ಮುಚ್ಚಳ ತೆರೆದಿರುವಾಗ ವಾಲ್ವ್ ತೆರೆಯಲೇಬಾರದು ಎಂಬ ತಡೆ ಹಾಕಿಸಲು ಕಚೇರಿಯೊಡನೆ ತಿಂಗಳುಗಟ್ಟಲೆ ಜಗಳವಾಡಬೇಕಾಯಿತು. ಕೊನೆಗೆ ಅದೂ ಆಯಿತು.

ಆ ತಡೆ ಪರೀಕ್ಷಿಸಲು ತೆರಕಣಾಂಬಿಗೆ ಹೋದ ದಿನ ಬಸವರಾಜು ತಾವಾಗಿ ಜೊತೆಗೆ ಬಂದರು. ಮಾದೇಶನ ಅಂತ್ಯಕ್ರಿಯೆಯ ನಂತರ ಅವರು ಆ ಊರಿಗೆ ಕಾಲಿಟ್ಟಿರಲಿಲ್ಲ. ಮೊದಲು ಮಾದೇಶನ ಮನೆಗೆ ಹೋದೆವು. ಬಾಗಿಲಿಗೆ ಬಂದ ರತ್ನಮ್ಮ ಅವರನ್ನು ಒಂದು ಗಳಿಗೆ ನೋಡಿ, "ಇಷ್ಟ್ ದಿನ ಬೇಕಾಯ್ತಾ ಬಸಣ್ಣ ಬರಾಕ? ಬಾ, ಒಳಗ ಬಾ" ಎಂದರಷ್ಟೆ. ಒಳಗೆ ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ನಾನು ಸಂಪಿನ ಹತ್ತಿರ ಹೋದೆ. ಮುಚ್ಚಳ ತೆಗೆಸಿ, ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿಸಿದೆ. ವಾಲ್ವ್ ಅಲುಗಲಿಲ್ಲ. ಕೆಳಗಿನ ಕತ್ತಲಲ್ಲಿ ನೀರು ಇದ್ದಷ್ಟೇ ಇತ್ತು. ಆದರೂ ಬಹಳ ಹೊತ್ತು ಬಗ್ಗಿ ನೋಡುತ್ತಲೇ ಇದ್ದೆ.

ಈಗ ಹೊಸ ಎಂಜಿನಿಯರುಗಳಿಗೆ ತರಬೇತಿ ಕೊಡುತ್ತೇನೆ. ಬಣ್ಣದ ಕೋಡುಗಳನ್ನು ಅವರು ಬೇಗ ಕಲಿಯುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಬೇರೆ: ಹಳೆಯ ಲಾಗ್ ಕೈಗೆ ಬಂದರೆ, ಓಡಿಸುವ ಮೊದಲು, ಅಂದು ಅಲ್ಲಿ ಯಾರಿದ್ದರು, ಅವರಿಗೇನಾಯಿತು ಎಂದು ವಿಚಾರಿಸಬೇಕು. ಆ ದಿನದ ಲಾಗ್ ಇನ್ನೂ ನನ್ನಲ್ಲಿದೆ. ಅಳಿಸಲು ಕೈ ಬಂದಿಲ್ಲ. ಇನ್ನೊಮ್ಮೆ ಓಡಿಸಿಯೂ ಇಲ್ಲ.